ಕೆಂಚಿ ಕೂದಲಿನ ಶೇಡ್ ಕಾರ್ಡ್

ಬಾಚಣಿಗೆಗೆ ಸಿಕ್ಕಿದ ಕೂದಲನ್ನು ಹೋದ ಅಕ್ಟೋಬರ್‌ನಿಂದ ಒಂದು ಖಾಲಿ ಪೌಡರ್ ಡಬ್ಬದಲ್ಲಿ ತುಂಬಿಡುತ್ತಾ ಬಂದೆ. ಅಮ್ಮನಿಗೆ ಇದು ಚೂರೂ ಹಿಡಿಸಲಿಲ್ಲ. “ಉದುರಿದ ಕೂದಲು ಮನೆಯೊಳಗೆ ಇಡ್ಲಿಕ್ಕಿಲ್ಲ ಮಾರಾಯ್ತಿ” ಎಂದು ವಾರಕ್ಕೆರಡು ಸಲ ಹೇಳುತ್ತಿದ್ದರು. ನಾನು ಕೇಳಲಿಲ್ಲ. ತಲೆ ಮೇಲೆ ನೇರ ಬಣ್ಣದ ಪ್ರಯೋಗ ಮಾಡಿ ಒಮ್ಮೆ ಕೆಟ್ಟಾಗಿತ್ತು. ಈ ಸಲ ಮೊದಲು ಡಬ್ಬದ ಕೂದಲಿಗೆ, ಆಮೇಲೆ ತಲೆಗೆ ಎಂದು ತೀರ್ಮಾನ ಮಾಡಿಯಾಗಿತ್ತು.

ನನ್ನ ಕೂದಲು ಹುಟ್ಟಿನಿಂದಲೇ ಕೆಂಚು. ಹಾಜರಿ ಪುಸ್ತಕದಲ್ಲಿ ಒಂದು ಹೆಸರು, ಆಟದ ಬಯಲಿನಲ್ಲಿ ‘ಕೆಂಚಿ’. ತಲೆಗೆ ಎಣ್ಣೆ ಹಾಕಿಲ್ವಾ ಎಂದು ಟೀಚರ್ ಬೈದದ್ದಕ್ಕೆ ಲೆಕ್ಕವಿಲ್ಲ. ಕಪ್ಪಾಗಲಿ ಎಂದು ಅಮ್ಮ ಗರುಗದ ಸೊಪ್ಪು, ದಾಸವಾಳದ ಎಲೆ, ನೆಲ್ಲಿಕಾಯಿ ಎಲ್ಲ ಹಾಕಿ ತೆಂಗಿನೆಣ್ಣೆ ಕಾಯಿಸಿ ಹಚ್ಚಿದರು. ಎಣ್ಣೆ ಹಸಿರಾಯಿತು, ಕೂದಲು ಕೆಂಚಾಗಿಯೇ ಉಳಿಯಿತು.

ಈಗ ನನಗೆ 44. ಎರಡೂ ಕಿವಿಗಳ ಮೇಲೆ, ಬೈತಲೆಯ ಎರಡು ಬದಿಗೆ ಬೆಳ್ಳಗಾಗಿದೆ. ಕಂಡವರೆಲ್ಲ ಕಪ್ಪು ಡೈ ಹಾಕು ಎನ್ನುತ್ತಾರೆ. ಸಣ್ಣವಳಿದ್ದಾಗ ಆಗದ ಕಪ್ಪು ಈಗ ಯಾಕೆ? ನನಗೆ ಬೇಕಾದ್ದು ನನ್ನ ಕೆಂಚು.

ನಮ್ಮದು ಉಡುಪಿಯಲ್ಲಿ ಒಂದು ಪೇಂಟ್ ಅಂಗಡಿ. ಪೇಂಟಿಗೆ ಬಣ್ಣ ಬೆರೆಸುವ ಟಿಂಟಿಂಗ್ ಮಷೀನಿನ ಮುಂದೆ ನಿಲ್ಲುವುದು ನಾನು. 17 ವರ್ಷದಿಂದ ಬೇರೆಯವರ ಗೋಡೆಗೆ ಶೇಡ್ ಕೂಡಿಸಿ ಕೊಟ್ಟಿದ್ದೇನೆ, ನನ್ನ ತಲೆಗೆ ಆಗುವುದಿಲ್ಲವಾ ಎಂಬ ಜಂಬವೂ ಸ್ವಲ್ಪ ಇತ್ತು.

ಮೊದಲು ಕೆಟ್ಟದ್ದು

ಹೋದ ವರ್ಷ ಮೇ ತಿಂಗಳಲ್ಲಿ ಭಾವನ ಮಗಳ ಮದುವೆ. ಒಂದು ಪಾರ್ಲರ್‌ಗೆ ಹೋದೆ. “ಅಕ್ಕ, ನಿಮ್ಮದು ಹೇಗೂ ಕೆಂಪು ಕೂದಲಲ್ವಾ, ಬರ್ಗಂಡಿ ಹಾಕಿದ್ರೆ ಸಮ ಆಗ್ತದೆ” ಎಂದಳು ಹುಡುಗಿ. ಅಲ್ಲಿ ಟ್ಯೂಬ್‌ಲೈಟ್ ಕೆಳಗೆ ನೋಡಿದಾಗ ಸಮವೇ ಇತ್ತು. ಮದುವೆ ದಿನ ಹಾಲ್‌ನ ಅಂಗಳದ ಬಿಸಿಲಿಗೆ ಬಂದಾಗ ಕಿವಿ ಮೇಲಿನ ಬಿಳಿ ಕೂದಲೆಲ್ಲ ಪುನರ್ಪುಳಿ ಶರಬತ್ತಿನ ಬಣ್ಣ. ನಡುವಿನ ಕೆಂಚು ಇದ್ದ ಹಾಗೇ ಇತ್ತು. ಮಕ್ಕಳು ನಕ್ಕರು. ನನಗೆ ನಾಚಿಕೆಯಾದದ್ದು ಬಣ್ಣಕ್ಕಲ್ಲ. ಗಿರಾಕಿಗಳಿಗೆ ದಿನಾ ಹೇಳುವ ಮಾತನ್ನು ನಾನೇ ಮರೆತಿದ್ದೆ: ಶೇಡನ್ನು ಟ್ಯೂಬ್‌ಲೈಟಿನಲ್ಲಿ ನೋಡಿ ಒಪ್ಪಬೇಡಿ, ಹೊರಗೆ ತಂದು ಬಿಸಿಲಿಗೆ ಹಿಡಿಯಿರಿ. ಒಂದು ಬೆಳಕಿನಲ್ಲಿ ಜೋಡಿಯಾಗುವ ಎರಡು ಬಣ್ಣ ಇನ್ನೊಂದು ಬೆಳಕಿನಲ್ಲಿ ಬೇರೆ ಬೇರೆಯಾಗಿ ಕಾಣುತ್ತವೆ.

ಮೂರೇ ವಾರಕ್ಕೆ ಆ ಕೆಂಪು ತೊಳೆದು ಹೋಗಿ ಗುಲಾಬಿಯಾಯಿತು. ಡೈಗಳಲ್ಲಿ ಬೇಗ ಮಾಸುವುದು ಕೆಂಪೇ. ಅದಕ್ಕಿಂತ ದೊಡ್ಡ ಪೆಟ್ಟು ಬೇರೆ. ಶಾಶ್ವತ ಡೈಯಲ್ಲಿ ಅಮೋನಿಯಾ ಕೂದಲಿನ ಹೊರಪದರವನ್ನು ಎಬ್ಬಿಸುತ್ತದೆ. ಪೆರಾಕ್ಸೈಡ್ ಒಳಗೆ ಹೋಗಿ ಡೈಯ ಬಣ್ಣವನ್ನು ಅರಳಿಸುತ್ತದೆ. ಹಾಗೆ ಮಾಡುವಾಗ ಕೂದಲಿನ ಸ್ವಂತ ಬಣ್ಣವನ್ನೂ ಸ್ವಲ್ಪ ತಿನ್ನುತ್ತದೆ. ಡೈ ಮಾಸಿದರೂ ತಿಂದ ಬಣ್ಣ ವಾಪಸ್ ಬರುವುದಿಲ್ಲ. ಸರಿ ಇದ್ದ ಕೆಂಚೂ ಬಿಸಿಲಿಗೆ ಹಾಕಿದ ಪರದೆಯ ಹಾಗೆ ಪೇಲವವಾಗಿತ್ತು.

ನಾದಿನಿ ಒಂದು ಪೊಟ್ಟಣ ಕೊಟ್ಟಳು. ‘ಕಪ್ಪು ಮೆಹಂದಿ’. ಅರ್ಧ ಗಂಟೆಯಲ್ಲಿ ಕಪ್ಪಂತೆ. ಕಿವಿಯ ಹಿಂದೆ ಕಡಲೆಯಷ್ಟು ಹಚ್ಚಿ ನೋಡಿದೆ. ಮರುದಿನ ತುರಿಕೆ, ಎರಡನೇ ದಿನ ಸಣ್ಣ ಗುಳ್ಳೆ. ಪೊಟ್ಟಣದ ಹಿಂದೆ ಸಾಸಿವೆ ಅಕ್ಷರದಲ್ಲಿ ಪಿಪಿಡಿ ಇದೆ ಎಂದು ಬರೆದಿತ್ತು. ಪ್ಯಾರಾ ಫೀನೈಲೀನ್ ಡೈಅಮೀನ್. ಕಪ್ಪು ಡೈಗಳ ಜೀವವೇ ಅದು, ಅಲರ್ಜಿ ಮಾಡುವುದರಲ್ಲೂ ಅದೇ ಮುಂದು. ಬರೀ ಮದರಂಗಿ ಎಲೆ ಅರ್ಧ ಗಂಟೆಯಲ್ಲಿ ಯಾವ ಕೂದಲನ್ನೂ ಕಪ್ಪು ಮಾಡುವುದಿಲ್ಲ. ಹಾಗೆ ಮಾಡಿದರೆ ಅದರೊಳಗೆ ಬೇರೇನೋ ಇದೆ. ಯಾವುದೇ ಬಣ್ಣವಿರಲಿ, ಕಿವಿ ಹಿಂದೆಯೋ ಮೊಣಕೈ ಒಳಗೋ ಹಚ್ಚಿ 48 ಗಂಟೆ ಕಾಯುವುದನ್ನು ಅವತ್ತಿನಿಂದ ಬಿಟ್ಟಿಲ್ಲ.

ಮಾದರಿ ಯಾವುದು

ಶೇಡ್ ಕೂಡಿಸಲು ಮೊದಲು ಮಾದರಿ ಬೇಕು. ಹಳೆಯ ಫೋಟೋಗಳೆಲ್ಲ ತಾವೇ ಕೆಂಪಾಗಿವೆ, ನಂಬುವ ಹಾಗಿಲ್ಲ. ಆಗ ಚೌರಿ ನೆನಪಾಯಿತು.

22ನೇ ವಯಸ್ಸಿನಲ್ಲಿ ನನಗೆ ಟೈಫಾಯ್ಡ್ ಆಗಿತ್ತು. ಹೇಗೂ ಉದುರಿ ಹೋಗುತ್ತದೆ ಎಂದು ಜಡೆಯನ್ನೇ ಕತ್ತರಿಸಿದರು. ಅದರಲ್ಲಿ ಅಮ್ಮ ಒಂದು ಚೌರಿ ಮಾಡಿಸಿದರು, ಮದುವೆಗೆ ಬೇಕಾಗುತ್ತದೆ ಎಂದು. ಆಮೇಲೆ ಅದು ಟ್ರಂಕಿನಲ್ಲಿ, ಹಳೇ ಧಾರೆ ಸೀರೆಯ ಮಡಿಕೆಯಲ್ಲಿ, ನುಸಿಗುಳಿಗೆಯ ಜೊತೆ ಕತ್ತಲಲ್ಲಿ ಇತ್ತು. ಬಿಸಿಲು ತಾಗಲಿಲ್ಲ, ಬಣ್ಣ ಕೆಡಲಿಲ್ಲ. ಉದುರಿದ ಕೂದಲು ಮನೆಯಲ್ಲಿ ಇಡಬಾರದು ಎನ್ನುವವರು ಇದನ್ನು ಇಷ್ಟು ವರ್ಷ ಹೇಗೆ ಇಟ್ಟಿರಿ ಎಂದು ಕೇಳಿದೆ. “ಉದುರಿದ್ದು ಬೇರೆ, ಕತ್ತರಿಸಿದ್ದು ಬೇರೆ” ಎಂದರು.

ಚೌರಿಯನ್ನು ಅಂಗಡಿಯ ಬಿಳಿ ಕಾರ್ಡಿನ ಮೇಲೆ ಇಟ್ಟು ನೋಡಿದೆ. ಮಳೆಯಲ್ಲಿ ನೆನೆದ ಮುರಕಲ್ಲಿನ, ಅಂದರೆ ನಮ್ಮ ಕಡೆಯ ಕೆಂಪು ಜಂಬಿಟ್ಟಿಗೆಯ ಬಣ್ಣ. ಅದೇ ಗುರಿ ಎಂದು ಬರೆದುಕೊಂಡೆ. ಇಲ್ಲೊಂದು ತಪ್ಪು ಮಾಡಿದ್ದೆ. ಅದು ಗೊತ್ತಾದದ್ದು ಎರಡು ತಿಂಗಳ ನಂತರ.

ಕೂದಲಿನ ಬಣ್ಣಕ್ಕೆ ಎರಡು ಬಗೆಯ ಮೆಲನಿನ್ ಇದೆ. ಕಪ್ಪು ಕಂದು ಕೊಡುವುದು ಯೂಮೆಲನಿನ್, ಕೆಂಪು ಹಳದಿ ಕೊಡುವುದು ಫಿಯೋಮೆಲನಿನ್. ಸ್ಕಾಟ್ಲೆಂಡ್, ಐರ್ಲೆಂಡ್ ಕಡೆಯ ಬೆಂಕಿ ಬಣ್ಣದ ಕೂದಲಿನಲ್ಲಿ ಎರಡನೆಯದೇ ಜಾಸ್ತಿ. ಅದರ ಹಿಂದೆ ಎಂಸಿ1ಆರ್ ಎಂಬ ಜೀನ್ ಇದೆ ಎಂದು 1995ರಲ್ಲಿ ಕಂಡುಕೊಂಡರು. ನನ್ನದು ಆ ಪೈಕಿ ಅಲ್ಲ, ಕಂದಿನೊಳಗೆ ಕೆಂಪು ಇಣುಕುವ ನಮ್ಮೂರಿನ ಕೆಂಚು. ಆದರೆ ಬೆಳ್ಳಗಾಗುವ ರೀತಿಯಲ್ಲಿ ಸ್ವಲ್ಪ ಹೋಲಿಕೆ ಇದೆ. ಕಪ್ಪು ತಲೆ ನೆರೆತರೆ ಎಳ್ಳು ಅಕ್ಕಿ ಬೆರೆಸಿದ ಹಾಗೆ ಎದ್ದು ಕಾಣುತ್ತದೆ. ಕೆಂಪು ತಲೆಯಲ್ಲಿ ಹಾಗಲ್ಲ, ಇಡೀ ತಲೆ ಮೆಲ್ಲ ಮೆಲ್ಲ ಮರಳಿನ ಬಣ್ಣಕ್ಕೆ ತಿರುಗಿ ಕೊನೆಗೆ ಬಿಳಿಯಾಗುತ್ತದೆ. ನನಗೂ ಎರಡು ವರ್ಷ ಗೊತ್ತೇ ಆಗಿರಲಿಲ್ಲ. ತಲೆಯಲ್ಲಿ ಧೂಳು ಎಂದುಕೊಂಡಿದ್ದೆ.

ಜನವರಿ: ಕಾರ್ಡ್ ತಯಾರಿ

ಭಾನುವಾರ ಅಂಗಡಿಗೆ ರಜೆ. ಕಪ್ಪು ಬಟ್ಟೆಯ ಮೇಲೆ ಡಬ್ಬ ಸುರಿದು ಬಿಳಿ ಕೂದಲನ್ನೂ ಕೆಂಚು ಕೂದಲನ್ನೂ ಬೇರೆ ಮಾಡಿದೆ. ಕನ್ನಡಕ ಹಾಕಿಕೊಂಡರೂ ಮೂರು ಗಂಟೆ ಹಿಡಿಯಿತು. ಶಾಂಪೂವಿನಲ್ಲಿ ತೊಳೆದೆ, ಎಣ್ಣೆ ಇದ್ದರೆ ಬಣ್ಣ ಕೂರುವುದಿಲ್ಲ. 15 ಬಿಳಿ, 15 ಕೆಂಚು ಸೇರಿಸಿ ದಾರ ಕಟ್ಟಿ ಒಂದೊಂದು ಕುಚ್ಚು ಮಾಡಿದೆ. ಬಣ್ಣ ಕಟ್ಟಿ ಒಣಗಿದ ಮೇಲೆ ಕಾರ್ಡಿಗೆ ಟೇಪ್ ಹಚ್ಚಿ ಅಂಟಿಸುವುದು, ಪಕ್ಕದಲ್ಲಿ ತೂಕ, ಗಂಟೆ ಬರೆಯುವುದು.

ಇವರು ಬಂದು ನೋಡಿದರು. “ಟೀ ಪುಡಿ ಲೋಟದಲ್ಲೇ ಇರ್ಲಿ, ಅಂಗಡಿ ತಕ್ಕಡಿಗೆ ಮದರಂಗಿ ಹಾಕ್ಬೇಡ” ಎಂದು ಹೇಳಿ ಪೇಪರ್ ಓದಲು ಹೋದರು. ತಕ್ಕಡಿಗೇ ಹಾಕಿದೆ. ಅರ್ಧ ಗ್ರಾಂ ತೋರಿಸುವ ತಕ್ಕಡಿ ಬೇರೆ ಎಲ್ಲಿದೆ?

ಫೆಬ್ರವರಿ: ಮೂರು ಕುಚ್ಚು

ಮೊದಲನೆಯದಕ್ಕೆ ಅಕ್ಕನ ಮನೆ ಹಿತ್ತಲಿನ ಹಸಿ ಮದರಂಗಿ. ಕಲ್ಲಿನಲ್ಲಿ ನುಣ್ಣಗೆ ಅರೆದು ಎರಡು ಗಂಟೆ ಮೆತ್ತಿಟ್ಟೆ. ಬಿಳಿ ಕೂದಲು ತೆಳು ಚೆಂಡುಹೂವಿನ ಬಣ್ಣಕ್ಕೆ ಬಂತು, ಕೆಂಚು ಕೂದಲು ಅಲುಗಲಿಲ್ಲ. ಹಸಿ ಎಲೆಯಲ್ಲಿ ನೀರೇ ಜಾಸ್ತಿ. ಅಂಗೈಗೆ ಚೆಂದ, ತಲೆಗೆ ಸಾಲದು.

ಎರಡನೆಯದು ಎಲ್ಲರೂ ಮಾಡುವ ಹಾಗೆ. ರಥಬೀದಿ ಬದಿಯ ಗ್ರಂಥಿಗೆ ಅಂಗಡಿಯಿಂದ ರಾಜಸ್ಥಾನದ ಸೋಜತ್ ಮದರಂಗಿ ಪುಡಿ ತಂದೆ. ಒಂದು ಚಮಚ ನೀರಿಗೆ ಹಾಕಿ ಕದಡಿದೆ. ಅಡಿಯಲ್ಲಿ ಮರಳು ಕೂರಲಿಲ್ಲ, ಹಾಗಾಗಿ ಒಪ್ಪಿಗೆ. ಗಟ್ಟಿ ಚಾ ಡಿಕಾಕ್ಷನ್‌ನಲ್ಲಿ ಕಲಸಿ ಅಮ್ಮನ ಕಬ್ಬಿಣದ ಬಾಣಲೆಯಲ್ಲಿ ರಾತ್ರಿಯಿಡೀ ಬಿಟ್ಟೆ. ಬೆಳಗ್ಗೆ ಮುದ್ದೆ ಮೇಲೆ ಕಪ್ಪು ಕೆನೆ. ಕುಚ್ಚು ಕಾಫಿ ಗಸಿಯ ಬಣ್ಣಕ್ಕೆ ಬಂತು. ಕೆಂಪಿನ ಸುಳಿವಿಲ್ಲ.

ಯೋಚಿಸಿದರೆ ಇದು ಮಸಿಯ ಹಳೇ ಪಾಕ. ಅಳಲೆಕಾಯಿ ಕಷಾಯಕ್ಕೆ ಕಬ್ಬಿಣ ಸೇರಿಸಿ ಹಿಂದಿನವರು ಬರೆಯುವ ಮಸಿ ಮಾಡುತ್ತಿದ್ದರು. ಒಗರು ಮತ್ತು ಕಬ್ಬಿಣ ಸೇರಿದರೆ ಕಪ್ಪು. ಚಾದಲ್ಲಿ ಒಗರು ಇದೆ, ಬಾಣಲೆಯಲ್ಲಿ ಕಬ್ಬಿಣ ಇದೆ. ಕಪ್ಪು ಬೇಕಾದವರಿಗೆ ಬಾಣಲೆ ಸರಿ, ನನಗಲ್ಲ.

ಮೂರನೆಯದು ಸ್ಟೀಲ್ ಬಟ್ಟಲಿನಲ್ಲಿ. ಕ್ಯಾನ್ ನೀರು, ಅರ್ಧ ಲಿಂಬೆ ಹುಳಿ, ಚಾ ಇಲ್ಲ. ಮೊಸರು, ಮೊಟ್ಟೆ ಕೂಡ ಇಲ್ಲ. ಮದರಂಗಿಯ ಬಣ್ಣದ ಹೆಸರು ಲಾಸೋನ್, ಅದು ಹಿಡಿದುಕೊಳ್ಳುವುದು ಕೂದಲಿನ ಪ್ರೋಟೀನನ್ನು. ಬಟ್ಟಲಲ್ಲೇ ಮೊಟ್ಟೆ ಹಾಕಿದರೆ ಅದಕ್ಕೇ ಮೆತ್ತಿಕೊಳ್ಳುತ್ತದಲ್ವಾ? ಬಣ್ಣ ಬಿಟ್ಟಿದೆಯಾ ನೋಡಲು ಅಂಗೈ ಮೇಲೆ ಚಿಟಿಕೆ ಮುದ್ದೆ ಇಟ್ಟು ಐದು ನಿಮಿಷ ಬಿಟ್ಟು ಒರೆಸುವುದು. ಕಿತ್ತಳೆ ಕಲೆ ಕಂಡರೆ ಸಿದ್ಧ. ನಮ್ಮ ಸೆಕೆಗೆ ಐದು ಗಂಟೆ ಸಾಕಾಯಿತು.

ಮೂರು ಗಂಟೆ ಇಟ್ಟು ತೊಳೆದಾಗ ಬಿಳಿ ಕೂದಲು ಕ್ಯಾರೆಟ್. ಎದೆ ಧಸಕ್ಕೆಂದಿತು. ತಲೆಗೆ ಹಾಕಿದ್ದರೆ ಸೋಮವಾರ ಅಂಗಡಿ ತೆರೆಯುತ್ತಿರಲಿಲ್ಲ. ಆದರೆ ಕಾದೆ. ಒಣಗುವ ಮೊದಲು ಶೇಡ್ ನೋಡಬೇಡಿ ಎನ್ನುವವಳು ನಾನೇ ಅಲ್ವಾ? ಮದರಂಗಿ ಗಾಳಿಗೆ ಎರಡು ಮೂರು ದಿನ ಕಪ್ಪಾಗುತ್ತಾ ಹೋಗುತ್ತದೆ. ಬುಧವಾರಕ್ಕೆ ಕ್ಯಾರೆಟ್ ಇಳಿದು ತಾಮ್ರ ಬಂತು. ಮೊದಲ ಸಲ ಇದು ದಾರಿ ಎನಿಸಿತು.

ಮಾರ್ಚ್: ನೀಲಿ ಎಷ್ಟು

ಚೌರಿಯ ಪಕ್ಕ ಇಟ್ಟರೆ ತಾಮ್ರ ಇನ್ನೂ ಹೆಚ್ಚು ಉರಿಯುತ್ತಿತ್ತು. ಅದನ್ನು ತಣಿಸಲು ನೀಲಿ ಎಲೆಯ ಪುಡಿ, ಅಂದರೆ ಇಂಡಿಗೋ. ಮೊದಲ ಸಲ ಲಿಂಬೆ ಹಿಂಡಿದ ಮದರಂಗಿಗೇ ನೀಲಿ ಸೇರಿಸಿದೆ. ಏನೂ ವ್ಯತ್ಯಾಸ ಬರಲಿಲ್ಲ. ನೀಲಿಗೆ ಹುಳಿ ಆಗುವುದಿಲ್ಲ. ಮದರಂಗಿಯನ್ನು ಬರೀ ನೀರಿನಲ್ಲಿ ನೆನೆಸಬೇಕು. ನೀಲಿಯನ್ನು ಹಚ್ಚುವ ಹೊತ್ತಿಗೆ ಉಗುರು ಬೆಚ್ಚಗಿನ ನೀರು, ಚಿಟಿಕೆ ಉಪ್ಪಿನಲ್ಲಿ ಕಲಸಿ ಹದಿನೈದು ನಿಮಿಷದೊಳಗೆ ಸೇರಿಸಬೇಕು. ಮದರಂಗಿ ರಾತ್ರಿಯಿಡೀ ಕಾಯುತ್ತದೆ, ನೀಲಿ ಕಾಯುವುದಿಲ್ಲ.

ಒಂದಕ್ಕೊಂದು ಸಮಪಾಲು ಹಾಕಿದ ಕುಚ್ಚು ಮೂರನೇ ದಿನ ಕಾಫಿಪುಡಿ. ಎರಡು ಪಾಲು ಮದರಂಗಿ, ಒಂದು ಪಾಲು ನೀಲಿ: ಓಲೆಬೆಲ್ಲ. ಇದು ಚೆಂದವೇ, ಆದರೆ ಪಕ್ಕದ ಕೆಂಚು ಕೂದಲನ್ನೂ ಕಪ್ಪು ಮಾಡಿತು. ನಾಲ್ಕು ಪಾಲಿಗೆ ಒಂದು ಹಾಕಿದ್ದು ನೆನೆದ ಮುರಕಲ್ಲಿಗೆ ಹತ್ತಿರ ಬಂತು, ಕೆಂಚು ಕೂದಲನ್ನು ಅದರ ಪಾಡಿಗೆ ಬಿಟ್ಟಿತು. ಅಂಗಡಿ ಹುಡುಗನ ಕೈಯಲ್ಲಿ ಕೊಟ್ಟು ಚೌರಿಗೆ ಯಾವುದು ಹತ್ತಿರ ಎಂದು ಕೇಳಿದೆ. ಟ್ಯೂಬ್‌ಲೈಟಿನಲ್ಲಿ ನಾಲ್ಕಕ್ಕೆ ಒಂದು ಎಂದ. ಬಿಸಿಲಿಗೆ ಹೋಗಿ ಬಂದು, “ಅಕ್ಕ, ಇದ್ರಲ್ಲಿ ಯಾವ ಕೂದಲಿಗೆ ಹತ್ತಿರ ಹೇಳ್ಬೇಕು?” ಎಂದು ಚೌರಿಯನ್ನೇ ತಿರುಗಿಸಿ ತೋರಿಸಿದ.

ಆ ಪ್ರಶ್ನೆ ನಾನು ಕೇಳಬೇಕಿತ್ತು.

ಚೌರಿಯಿಂದ 50 ಕೂದಲು ಬಿಡಿಸಿ ಬಿಳಿ ಕಾರ್ಡಿನ ಮೇಲೆ ಒಂದೊಂದಾಗಿ ಹರಡಿದೆ. ಸುಮಾರು 30 ಕಡು ಕಂದು. ಹದಿನಾಲ್ಕೋ ಹದಿನೈದೋ ತಾಮ್ರಗಂದು. ಉಳಿದವು ತುದಿಯಲ್ಲಿ ಹೊಸ ಹಿತ್ತಾಳೆಯ ಹಾಗೆ ಹೊಳೆಯುತ್ತಿದ್ದವು. ದೂರದಿಂದ ನೋಡುವಾಗ ನೆನೆದ ಮುರಕಲ್ಲು ಎಂದು ಕಂಡದ್ದು ಇವೆಲ್ಲ ಸೇರಿ ಆದದ್ದು. ಮುರಕಲ್ಲೂ ಹಾಗೇ, ಹತ್ತಿರ ಹೋಗಿ ನೋಡಿದರೆ ಹಳದಿ ಕಣ್ಣು, ಕಂದು ನರ, ಕಪ್ಪು ಹುಳುಕು. ನಾನು ಗೋಡೆಗೆ ಎಮಲ್ಷನ್ ಹಾಕುವವರ ಹಾಗೆ ಒಂದೇ ಶೇಡ್ ಹುಡುಕುತ್ತಿದ್ದೆ.

ಮದರಂಗಿ ಎಮಲ್ಷನ್ ಅಲ್ಲ, ಮರಕ್ಕೆ ಹಾಕುವ ವುಡ್ ಸ್ಟೇನ್. ಅಡಿಯಲ್ಲಿರುವುದನ್ನು ಮುಚ್ಚುವುದಿಲ್ಲ, ಅದರ ಮೂಲಕ ಕಾಣುತ್ತದೆ. ಬಿಳಿ ಕೂದಲಿನ ಮೇಲೆ ತಾನೇ ಪೂರಾ ಕಾಣುತ್ತದೆ, ಕೆಂಚಿನ ಮೇಲೆ ಒಂದು ಛಾಯೆ ಅಷ್ಟೇ. ಹಾಗಿದ್ದರೆ ಬಿಳಿ ಕೂದಲನ್ನೆಲ್ಲ ನಡುವಿನ ಬಣ್ಣಕ್ಕೆ ತರುವ ಹಠ ಯಾಕೆ? ಕೆಲವು ತಾಮ್ರವಾಗಿ ಉರಿಯಲಿ, ಕೆಲವು ತಣ್ಣಗಿರಲಿ. ಕಡು ಕಂದಿನ ಪಾಲು ನನ್ನ ತಲೆಯಲ್ಲಿ ಇನ್ನೂ ಬೇಕಾದಷ್ಟಿದೆ.

ಎರಡು ಬಟ್ಟಲು ಎಂದು ಕಾರ್ಡಿನಲ್ಲಿ ಬರೆದೆ. ಒಂದರಲ್ಲಿ ಬರೀ ಮದರಂಗಿ. ಇನ್ನೊಂದರಲ್ಲಿ ನಾಲ್ಕಕ್ಕೆ ಒಂದು ನೀಲಿ. ಬಿಳಿ ದಟ್ಟ ಇರುವ ಕಡೆ ಪೆನ್ಸಿಲ್ ದಪ್ಪದ ಎಳೆ ತೆಗೆದು, ಒಂದು ಎಳೆಗೆ ಇದು, ಪಕ್ಕದ ಎಳೆಗೆ ಅದು.

ಏಪ್ರಿಲ್: ತಲೆಗೆ, ಮತ್ತೆ ಕೆಟ್ಟದ್ದು

ಮಗಳನ್ನು ಸಹಾಯಕ್ಕೆ ಕೂರಿಸಿಕೊಂಡೆ. ಹಣೆಗೆ, ಕಿವಿಗೆ ತೆಂಗಿನೆಣ್ಣೆ, ಚರ್ಮಕ್ಕೆ ಬಣ್ಣ ಹಿಡಿಯದ ಹಾಗೆ. ಬುಡದಿಂದ ಎರಡು ಇಂಚು ಮಾತ್ರ. ಬಲಬದಿ ಮುಗಿಯುವ ಹೊತ್ತಿಗೆ ಎರಡೂ ಬಟ್ಟಲು ಖಾಲಿ. ಎಡಬದಿಗೆ ಮಧ್ಯಾಹ್ನ ಬೇರೆ ಕಲಸಿ, ಬಣ್ಣ ಬಿಟ್ಟ ಮೇಲೆ ಸಂಜೆ ಹಚ್ಚಿದ್ದಾಯಿತು. ಬೆಂಕಿಗೆ ಹಿಡಿದು ಬಾಡಿಸಿದ ಬಾಳೆಲೆ ಸುತ್ತಿ, ಮೇಲೆ ಹಳೇ ಬೈರಾಸು ಕಟ್ಟಿದೆ. ಪ್ಲಾಸ್ಟಿಕ್ ಟೊಪ್ಪಿಗಿಂತ ಇದು ವಾಸಿ. ಒಳಗೆ ಬೆಚ್ಚಗಿರುತ್ತದೆ, ಕುತ್ತಿಗೆಗೆ ಇಳಿಯುವುದಿಲ್ಲ.

ಮೂರನೇ ದಿನ ಎಡಬದಿ ಕಾರ್ಡಿನಲ್ಲಿದ್ದ ಹಾಗೇ ಬಂದಿತ್ತು. ಬಲಬದಿ ಮಂಕು ಕಪ್ಪುಗಂದು. ಒಂದೇ ಪುಡಿ, ಒಂದೇ ತಕ್ಕಡಿ, ಒಂದೇ ತಲೆ.

ಎರಡು ದಿನ ತಲೆ ಕೆಡಿಸಿಕೊಂಡೆ. ಹಚ್ಚಿಟ್ಟ ಹೊತ್ತು ಎರಡೂ ಕಡೆ ಮೂರು ಗಂಟೆಯೇ. ಉತ್ತರ ಸಿಕ್ಕಿದ್ದು ಚಾ ಲೋಟದಲ್ಲಿ. ಬಜೆ ಅಣೆಕಟ್ಟಿನಲ್ಲಿ ನೀರು ಇಳಿದಿತ್ತು, ನಳ್ಳಿ ನೀರು ದಿನ ಬಿಟ್ಟು ದಿನ. ನಮ್ಮ ಫ್ಲಾಟಿಗೆ ಬೋರ್ ನೀರು ಬಿಡುತ್ತಿದ್ದರು. “ಈ ಬೋರ್ ನೀರಿನ ಚಾ ಮಸಿ ಹಾಗೆ ಕಪ್ಪು, ಬಾಯಿಗೆ ಇಡ್ಲಿಕ್ಕೆ ಆಗುದಿಲ್ಲ” ಎಂದು ಅಮ್ಮ ಗೊಣಗಿದರು. ಪ್ರತಿ ಬೇಸಿಗೆಯ ಗೊಣಗಾಟ ಇದು. ಅವತ್ತು ಮಾತ್ರ ನನ್ನ ಕೈ ಅಲ್ಲೇ ನಿಂತಿತು.

ಬಲಬದಿಯ ಮದರಂಗಿಯನ್ನು ರಾತ್ರಿ ಬಚ್ಚಲಿನ ನೀರಿನಲ್ಲಿ ನೆನೆಸಿದ್ದೆ, ಅದು ಬೋರ್. ಎಡಬದಿಯದನ್ನು ಅಡುಗೆಮನೆಯಲ್ಲಿ ಕಲಸಿದ್ದೆ, ಅಲ್ಲಿ ಕುಡಿಯುವ ಕ್ಯಾನ್ ನೀರು. ಕುಚ್ಚುಗಳನ್ನೆಲ್ಲ ಮಾಡಿದ್ದೂ ಕ್ಯಾನ್ ನೀರಿನಲ್ಲೇ. ಬಿಳಿ ಬಕೆಟಿನಲ್ಲಿ ಬೋರ್ ನೀರು ಹಿಡಿದು ಇಟ್ಟೆ. ಹಿಡಿದಾಗ ತಿಳಿ, ಬೆಳಗ್ಗೆ ನೋಡಿದರೆ ಅಡಿಯಲ್ಲಿ ತುಕ್ಕಿನ ಗಸಿ. ಕರಗಿದ ಕಬ್ಬಿಣ ಕಣ್ಣಿಗೆ ಕಾಣುವುದಿಲ್ಲ, ಗಾಳಿ ತಾಗಿದ ಮೇಲೆ ಕೆಂಪಾಗಿ ಕೂರುತ್ತದೆ. ಬಾಣಲೆ ಬಿಟ್ಟೆ ಎಂದು ಬೀಗುತ್ತಿದ್ದೆ, ಕಬ್ಬಿಣ ನಳ್ಳಿಯಲ್ಲೇ ಬಂದಿತ್ತು. ನಮ್ಮ ಮಣ್ಣನ್ನೂ ಹಂಚನ್ನೂ ಕೆಂಪು ಮಾಡುವ ಅದೇ ಕಬ್ಬಿಣ ನನ್ನ ತಲೆಯನ್ನು ಮಾತ್ರ ಕಪ್ಪು ಮಾಡಿತು.

ಬಕೆಟಿನ ಕಲೆಗೆ ಅಮ್ಮ ಬಿಂಬುಳಿ ತಿಕ್ಕಿದರು, ಹೋಯಿತು. “ತಲೆಗೂ ಅದೇ ತಿಕ್ಕುವನಾ?” ಎಂದರು, ನಗಾಡಿಕೊಂಡು. ಧೈರ್ಯ ಬರಲಿಲ್ಲ. ಪಾರ್ಲರ್‌ನಲ್ಲಿ ಬ್ಲೀಚ್ ಮಾಡಿಸುವ ಆಲೋಚನೆಯನ್ನೂ ಬಿಟ್ಟೆ. ಲೋಹದ ಅಂಶ ಕೂತ ಕೂದಲಿಗೆ ಪೆರಾಕ್ಸೈಡ್ ಹಾಕಿದರೆ ಬಿಸಿಯೇರಿ ಕೂದಲೇ ಹಾಳಾಗಬಹುದು. ಯಾರಾದರೂ ಪೊಟ್ಟಣದ ಮೆಹಂದಿ ಹಾಕಿ ಆಮೇಲೆ ಡೈಗೆ ಹೋಗುವುದಿದ್ದರೆ ಒಂದು ಎಳೆ ಕತ್ತರಿಸಿ ಮೊದಲು ಅದಕ್ಕೆ ಹಾಕಿ ನೋಡಿ. ನಾನು ಮಾಡಿದ್ದು ಇಷ್ಟೇ: ಮೂರು ವಾರ, ವಾರಕ್ಕೊಮ್ಮೆ ಬಿಸಿ ತೆಂಗಿನೆಣ್ಣೆ ರಾತ್ರಿಯಿಡೀ, ಬೆಳಗ್ಗೆ ಶಾಂಪೂ. ಅರ್ಧ ಶೇಡ್ ಇಳಿಯಿತು. ಮದರಂಗಿ ಕೂತದ್ದು ಪೂರ್ತಿ ಏಳುವುದಿಲ್ಲ.

ಜೂನ್: ಮಳೆನೀರು

ಮಳೆ ಹಿಡಿದು ಒಂದು ವಾರ ಬಿಟ್ಟೆ, ಮಾಡು ತೊಳೆಯಲಿ ಎಂದು. ಆಮೇಲೆ ತಾರಸಿಯಲ್ಲಿ ಬಟ್ಟೆ ಒಣಗಿಸುವ ಹಗ್ಗಕ್ಕೆ ತೊಳೆದ ಪ್ಲಾಸ್ಟಿಕ್ ಹಾಳೆ ಕಟ್ಟಿ ನೇರ ಆಕಾಶದ ನೀರೇ ಹಿಡಿದೆ. ಮಾಡಿನ ನೀರು ಇಳಿಯುವ ಶೀಟಿನ ದಂಬೆಯಿಂದ ಹಿಡಿದರೆ ಮತ್ತೆ ತುಕ್ಕು. ಅದರಲ್ಲಿ ಗಟ್ಟಿ ಚಾ ಹಾಕಿ ನೋಡಿದೆ. ಲೋಟದ ತಳ ಕಾಣುವ ಕೆಂಪು. ಬೋರ್ ನೀರಿನ ಚಾ ಪಕ್ಕದಲ್ಲಿಟ್ಟರೆ ಮಗಳೇ ನಂಬಲಿಲ್ಲ, ಪುಡಿ ಒಂದೇ ಎಂದು.

40 ಗ್ರಾಂ ಮದರಂಗಿಗೆ 10 ಗ್ರಾಂ ನೀಲಿ ಒಂದು ಬಟ್ಟಲು, 30 ಗ್ರಾಂ ಬರೀ ಮದರಂಗಿ ಇನ್ನೊಂದು. ಮಳೆಗಾಲದ ತಣ್ಣಗೆ ಮದರಂಗಿ ಬಣ್ಣ ಬಿಡಲು ರಾತ್ರಿಯಿಡೀ ತೆಗೆದುಕೊಂಡಿತು. ಕಿವಿ ಮೇಲಿನ ಬಿಳಿ ಕೂದಲು ದಪ್ಪ, ಬಣ್ಣ ಬೇಗ ಒಪ್ಪುವುದಿಲ್ಲ. ಅಲ್ಲಿಗೆ ಮೊದಲು ಹಚ್ಚಿ ಕೊನೆಗೆ ತೊಳೆದೆ. ಅಲ್ಲಿಗೆ ನಾಲ್ಕು ಗಂಟೆ, ಉಳಿದದ್ದಕ್ಕೆ ಮೂರು. “ಮಳೆಗಾಲದಲ್ಲಿ ತಲೆಗೆ ಮದರಂಗಿ! ಶೀತ ಹಿಡಿದ್ರೆ ನನ್ನತ್ರ ಬರ್ಬೇಡ” ಎಂದು ಅಮ್ಮ ಹೇಳಿಯೂ ಶುಂಠಿ ಕಷಾಯ ಮಾಡಿಟ್ಟಿದ್ದರು. ಮೊದಲ ಎರಡು ದಿನ ಶಾಂಪೂ ಇಲ್ಲ. ದಿಂಬಿಗೆ ಹಳೇ ಲುಂಗಿ.

ನಾಲ್ಕನೇ ದಿನ ಮಳೆ ಸ್ವಲ್ಪ ಬಿಟ್ಟಿತ್ತು. ಮಗಳು ಚೌರಿ ತಂದು ನನ್ನ ಜಡೆಯೊಳಗೆ ಹೆಣೆದಳು. ತಾರಸಿಯ ಬಿಸಿಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿದೆವು. ಎಡಬದಿಯಲ್ಲಿ ಹೊಸದು ಎಲ್ಲಿ ಮುಗಿಯಿತು, 22 ವರ್ಷದ ಹಿಂದಿನದು ಎಲ್ಲಿ ಶುರುವಾಯಿತು ಎಂದು ಹೆಣೆದವಳಿಗೂ ತೋರಿಸಲು ಆಗಲಿಲ್ಲ. ಅಂಗಡಿ ಹುಡುಗನಿಗೆ ತೋರಿಸಿದೆ. “ಚೌರಿ ಯಾವ್ದಕ್ಕ?” ಎಂದ. ಅವನಿಗೆ ಅವತ್ತು ಮಧ್ಯಾಹ್ನ ಗೋಳಿಬಜೆ ಕೊಡಿಸಿದೆ.

ಈಗ, ಆಗಸ್ಟ್

ಕೂದಲು ತಿಂಗಳಿಗೆ ಸುಮಾರು ಅರ್ಧ ಇಂಚು ಬೆಳೆಯುತ್ತದೆ. ಬುಡದಲ್ಲಿ ಬಿಳಿ ಗೆರೆ ಮತ್ತೆ ಬಂದಿದೆ. ಕಪ್ಪು ಡೈ ಹಾಕುವ ನಾದಿನಿಗೆ ಇಷ್ಟೇ ಬಿಳಿಗೆ ಗಾಬರಿ. ನನಗೆ ತಾಮ್ರದ ಪಕ್ಕ ಅದು ಅಷ್ಟು ಎದ್ದು ಕಾಣುವುದಿಲ್ಲ, ಆರೇಳು ವಾರ ಎಳೆಯಬಹುದು. ಹಚ್ಚುವುದು ಬುಡಕ್ಕೆ ಮಾತ್ರ. ತುದಿಯವರೆಗೂ ಪ್ರತಿ ಸಲ ಎಳೆದರೆ ಪದರದ ಮೇಲೆ ಪದರ ಕೂತು ಕಡುಗಪ್ಪಾಗುತ್ತಾ ಹೋಗುತ್ತದೆ.

ಬಲಗಿವಿಯ ಮೇಲಿನ ಮಂಕು ಪಟ್ಟಿ ಹಾಗೇ ಇದೆ, ಬುಡದಿಂದ ಎರಡು ಇಂಚು ಕೆಳಗೆ ಇಳಿದಿದೆ ಅಷ್ಟೇ. ಭುಜದ ಮಟ್ಟಕ್ಕೆ ಕತ್ತರಿಸುವುದಾದರೂ ಇನ್ನು ಹತ್ತು ಇಂಚು ಇಳಿಯಬೇಕು. ಇಪ್ಪತ್ತು ತಿಂಗಳು. ಅಲ್ಲಿಯವರೆಗೆ ಬೈತಲೆಯನ್ನು ಸ್ವಲ್ಪ ಎಡಕ್ಕೆ ತೆಗೆದು ಮೇಲಿನ ಕೂದಲನ್ನು ಅದರ ಮೇಲೆ ಬೀಳಿಸಿಕೊಳ್ಳುತ್ತೇನೆ.

ಮುಂದಿನದು ಸೆಪ್ಟೆಂಬರ್ ಮೊದಲ ಭಾನುವಾರ. ಬೇಸಿಗೆಯದಕ್ಕೂ ಆಗಲಿ ಎಂದು ಎರಡು ಕ್ಯಾನ್ ಮಳೆನೀರು ಹಿಡಿದು ಮುಚ್ಚಿ, ‘ಮುಟ್ಟಬೇಡಿ, ತಲೆಗೆ’ ಎಂದು ಚೀಟಿ ಅಂಟಿಸಿ ಇಟ್ಟಿದ್ದೆ. ನಿನ್ನೆ ನೋಡಿದರೆ ಒಂದು ಕ್ಯಾನ್ ಅರ್ಧ ಆಗಿದೆ. ಅಮ್ಮನನ್ನು ಕೇಳಿದೆ.

“ಕುದಿಸಿಯೇ ಮಾಡಿದ್ದು” ಎಂದರು. “ಚಾ ಎಷ್ಟು ಚೆಂದ ಕೆಂಪು ಬಂತು ಗೊತ್ತುಂಟಾ?”